ಒಲೆ ಹಚ್ಚದ ಹಬ್ಬದಡುಗೆ

ನಮ್ಮ ಹಬ್ಬಗಳು ಬಹುಮಟ್ಟಿಗೆ ಒಲೆಯ ಮುಂದೆಯೇ ನಡೆಯುತ್ತವೆ. ಸಂಕ್ರಾಂತಿಗೆ ಪೊಂಗಲು, ಗಣೇಶನಿಗೆ ಕಡುಬು, ದೀಪಾವಳಿಗೆ ಎಣ್ಣೆಬಾಂಡಲಿ. ಯುಗಾದಿಗಂತೂ ಬೇಳೆ ಬೇಯಿಸಿ, ಕಟ್ಟು ಬಸಿದು, ಹೂರಣ ರುಬ್ಬಿ, ಕಾವಲಿಯ ಮುಂದೆ ಬೆವರೊರೆಸಿಕೊಳ್ಳುತ್ತ ಒಬ್ಬಟ್ಟು ಬೇಯಿಸಬೇಕು. ಬಸಿದ ಕಟ್ಟಿನಲ್ಲಿ ಸಾರು ಕುದಿಯಬೇಕು. ಅಲ್ಲಿಂದ ಒಂಬತ್ತನೆಯ ದಿನಕ್ಕೆ, ಚೈತ್ರ ಶುದ್ಧ ನವಮಿಗೆ, ರಾಮನ ಹಬ್ಬ ಬರುತ್ತದೆ. ಅಂದಿನ ನೈವೇದ್ಯಕ್ಕೆ ಒಲೆಯೇ ಬೇಡ. ಪಾನಕ, ಕೋಸಂಬರಿ, ನೀರುಮಜ್ಜಿಗೆ ಈ ಮೂರೂ ಬೆಂಕಿಯ ಹತ್ತಿರ ಸುಳಿಯುವುದಿಲ್ಲ. ಮಜ್ಜಿಗೆಗೆ ಹಾಲು ಕಾಯಿಸಿದ್ದು ಹಿಂದಿನ ದಿನದ ಕೆಲಸ. ಕೋಸಂಬರಿಯ ಮೇಲೆ ಒಂದು ಚಮಚ ಸಾಸಿವೆ-ಇಂಗಿನ ಒಗ್ಗರಣೆ ಬಿದ್ದರೆ ಉಂಟು, ಬೀಳದಿದ್ದರೂ ಕೊರತೆಯಿಲ್ಲ.

ಸರಳವಾಗಿದೆ ಎಂಬ ಕಾರಣಕ್ಕೇ ಈ ಅಡುಗೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಹಬ್ಬದೂಟದ ಮಾತು ಬಂದಾಗ ನಾವು ಒಬ್ಬಟ್ಟು, ಚಿರೋಟಿ, ಹಯಗ್ರೀವಗಳ ಹೆಸರು ಹೇಳುತ್ತೇವೆ, ಕೋಸಂಬರಿಯನ್ನು ಎಲೆಯ ತುದಿಗೆ ಬಡಿಸಿ ಮುಂದೆ ಹೋಗುತ್ತೇವೆ. ಆದರೆ ಬಿಸಿಲ ನಾಡಿನ ಹಬ್ಬದಡುಗೆ ಹೇಗಿರಬೇಕು ಎಂದು ನಮ್ಮ ಹಿರಿಯರು ಅತ್ಯಂತ ಆಳವಾಗಿ ಯೋಚಿಸಿದ್ದು ಇಲ್ಲಿ ಎಂದು ನನ್ನ ನಂಬಿಕೆ. ಈ ಅಡುಗೆ ಹವೆಯನ್ನು ಬಲ್ಲದು, ಬೆವರನ್ನು ಬಲ್ಲದು. ಎಲ್ಲಕ್ಕಿಂತ ಹೆಚ್ಚಾಗಿ, ಬಿಸಿಲಲ್ಲಿ ರಸ್ತೆಯ ಮೇಲೆ ಇರುವವನನ್ನು ಬಲ್ಲದು.

ಕಾಲ ನೋಡಿ. 2024ರಲ್ಲಿ ರಾಮನವಮಿ ಏಪ್ರಿಲ್ 17ಕ್ಕೆ ಬಂತು, 2025ರಲ್ಲಿ ಏಪ್ರಿಲ್ 6ಕ್ಕೆ. ಚಾಂದ್ರಮಾನದ ಲೆಕ್ಕದಲ್ಲಿ ಹಿಂದೆಮುಂದೆ ಆದರೂ ಅದು ಬೀಳುವುದು ಮಾರ್ಚ್ ಕೊನೆ ಮತ್ತು ಏಪ್ರಿಲ್ ಮೂರನೆಯ ವಾರದ ನಡುವೆಯೇ. ರಾಯಚೂರು, ಕಲಬುರಗಿಗಳಲ್ಲಿ ಆಗ ಪಾದರಸ 40 ಡಿಗ್ರಿಯ ಕಡೆ ಏರುತ್ತಿರುತ್ತದೆ. ಮುಂಗಾರು ಇನ್ನೂ ಎರಡು ತಿಂಗಳು ದೂರ. ರಾಮ ಹುಟ್ಟಿದ್ದು ಮಧ್ಯಾಹ್ನ ಎಂಬ ನಂಬಿಕೆಯಿಂದ ಪೂಜೆಯೂ ನಡುಹಗಲಿಗೆ. ಮಂಗಳಾರತಿ ಆಗಿ ಪನಿವಾರ ಹಂಚುವ ಹೊತ್ತಿಗೆ ನೆತ್ತಿಯ ಮೇಲೆ ಸೂರ್ಯ. ಬೇರೆ ಹಬ್ಬಗಳಲ್ಲಿ ಬೆಳಗಿನ ಪೂಜೆ ಮುಗಿಸಿ ನೆರಳಲ್ಲಿ ಕೂತು ಉಣ್ಣುತ್ತೇವೆ. ಇಲ್ಲಿ ದಿನದ ಅತಿ ಪ್ರಖರ ಬಿಸಿಲಿನ ಗಳಿಗೆಗೇ ಪ್ರಸಾದ ಕೈಗೆ ಬರುತ್ತದೆ.

ಮೊದಲು ಕೋಸಂಬರಿ. ಇದಕ್ಕೆ ಹೆಸರುಬೇಳೆಯೇ ಏಕೆ? ತೊಗರಿಬೇಳೆಯನ್ನು ನೆನೆಸಿ ಹಸಿಯಾಗಿ ತಿನ್ನಲು ಆಗದು. ಗಟ್ಟಿ, ಹಸಿ ವಾಸನೆ ಬೇರೆ. ಕಡಲೆಬೇಳೆಯ ಕೋಸಂಬರಿ ಉಂಟು, ಆದರೆ ಅದು ಮೂರು ನಾಲ್ಕು ಗಂಟೆ ನೆನೆಯಬೇಕು. ಹೆಸರುಬೇಳೆ ಸಣ್ಣದು, ಸಿಪ್ಪೆ ಕಳೆದದ್ದು, ಎರಡು ಹೋಳಾದದ್ದು. ನೀರು ಒಳಗೆ ಇಳಿಯಲು ದೂರವೇ ಇಲ್ಲ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಒಂದು ಗಂಟೆ ನೆನೆದರೆ ಹಲ್ಲಿಗೆ ಮೆತ್ತಗಾಗುತ್ತದೆ, ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಸಿ ಕಾಳುಗಳಲ್ಲಿ ಜೀರ್ಣಕ್ಕೆ ಅಡ್ಡಬರುವ ಕೆಲವು ಅಂಶಗಳಿರುತ್ತವೆ. ರಾಜ್ಮಾದಂಥ ಕಾಳನ್ನು ಹಸಿಯಾಗಿ ತಿಂದರೆ ವಾಂತಿಭೇದಿಯೇ ಆದೀತು. ಹೆಸರಿನಲ್ಲಿ ಅವು ಕಡಿಮೆ, ನೆನೆಸಿದ ನೀರು ಚೆಲ್ಲಿದಾಗ ಇನ್ನಷ್ಟು ಕಡಿಮೆ. ಒಣ ಬೇಳೆಯ 100 ಗ್ರಾಂನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಒಲೆಯಿಲ್ಲದೆ ತಯಾರಾಗುವ ಬೇಳೆಯ ಊಟ ಇದು. ಗದಗ, ಧಾರವಾಡ, ಬೀದರ್, ಕಲಬುರಗಿಯ ಹೊಲಗಳಲ್ಲಿ ಮುಂಗಾರಿಗೆ ಬಿತ್ತಿ ಮಳೆಗಾಲದಲ್ಲೇ ಕೊಯ್ದ ಹೆಸರು ಅಲ್ಲಿಯವರೆಗೆ ಮನೆಯ ಡಬ್ಬಿಯಲ್ಲಿ ಕಾದಿರುತ್ತದೆ.

ಬೇಳೆಯ ಜೊತೆ ಸೇರುವ ಎಳೆ ಸೌತೆಕಾಯಿ ನೂರಕ್ಕೆ ತೊಂಬತ್ತೈದು ಪಾಲು ನೀರು. ಅದೇ ಕಾಲಕ್ಕೆ ಮರದಲ್ಲಿ ತೂಗುವ ಮಾವಿನಕಾಯಿಯ ತುರಿ, ಹಸಿ ತೆಂಗಿನಕಾಯಿ, ಹಸಿಮೆಣಸು, ಕೊತ್ತಂಬರಿ, ನಿಂಬೆರಸ. ಉಪ್ಪು ಮಾತ್ರ ಕೊನೆಗೆ, ಬಡಿಸುವ ಮುನ್ನ. ಇದನ್ನು ನಮ್ಮ ಅಜ್ಜಿಯರು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು. ಉಪ್ಪು ಬಿದ್ದೊಡನೆ ಸೌತೆಯ ಜೀವಕೋಶಗಳೊಳಗಿನ ನೀರು ಹೊರಗೆ ಜಿನುಗತೊಡಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಪಾತ್ರೆಯ ತಳದಲ್ಲಿ ನೀರು, ಮೇಲೆ ಬಾಡಿದ ಹೋಳು. ಕರುಂ ಕುರುಂ ಎನ್ನಬೇಕಾದದ್ದು ಸಪ್ಪೆಯಾಗುತ್ತದೆ. ರುಚಿ ಕೆಡುವುದಷ್ಟೇ ಅಲ್ಲ, ಆ ನೀರಲ್ಲಿ ತೆಂಗಿನ ತುರಿ ಬೇಗ ಹಳಸುತ್ತದೆ. ಬೇಯಿಸದ ಬೇಳೆ, ಹಸಿ ತೆಂಗು, ನೀರು, ಮೂವತ್ತೈದು ಡಿಗ್ರಿ ಸೆಕೆ ಇಷ್ಟೂ ಸೇರಿದರೆ ಸೂಕ್ಷ್ಮಜೀವಿಗಳಿಗೆ ಬೇರೆ ಸೌಕರ್ಯ ಬೇಕಿಲ್ಲ. ನಿಂಬೆ ಮತ್ತು ಮಾವಿನ ಹುಳಿ ಅವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ದಿನವಿಡೀ ಅಲ್ಲ. ಕೋಸಂಬರಿ ಕಲಸಿದ ಕೈಯಲ್ಲೇ ಹಂಚಿ ಮುಗಿಸಬೇಕಾದ ತಿನಿಸು. ದೀಪಾವಳಿಯ ಚಕ್ಕುಲಿಯನ್ನು ಡಬ್ಬಿಗೆ ಹಾಕಿ ತಿಂಗಳು ಇಟ್ಟುಕೊಳ್ಳಬಹುದು. ಕೋಸಂಬರಿಯನ್ನು ಮನೆಯವರಷ್ಟೇ ತಿಂದು ಮುಗಿಸಲಾರರು, ನಾಳೆಗೆ ಎತ್ತಿಡಲಾರರು. ಹಂಚಲೇಬೇಕಾದ ಗುಣ ಅದರ ತಯಾರಿಕೆಯಲ್ಲೇ ಇದೆ.

ಇನ್ನು ಪಾನಕ. ನೀರು, ಬೆಲ್ಲ, ಶುಂಠಿ, ಕಾಳುಮೆಣಸು, ಏಲಕ್ಕಿ, ನಿಂಬೆ. ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಬೇಲದ ಹಣ್ಣಿನ ಪಾನಕ ಇಲ್ಲದೆ ರಾಮನವಮಿ ಇಲ್ಲ. ಗಟ್ಟಿ ಚಿಪ್ಪನ್ನು ನೆಲಕ್ಕೆ ಕುಕ್ಕಿ ಒಡೆದು, ಕಂದು ತಿರುಳನ್ನು ಬೆಲ್ಲದ ನೀರಿನಲ್ಲಿ ಕಿವುಚಿ, ನಾರು-ಬೀಜ ಸೋಸಿದರೆ ಬರುವ ಆ ಹುಳಿ-ಸಿಹಿ ಪರಿಮಳಕ್ಕೆ ಸಮನಾದದ್ದು ನನಗೆ ಬೇರೆ ಗೊತ್ತಿಲ್ಲ. ಇಂದಿನ ಮಕ್ಕಳಲ್ಲಿ ಬಹಳ ಮಂದಿ ಬೇಲದ ಹಣ್ಣನ್ನು ಕಂಡೇ ಇಲ್ಲ ಎಂಬುದು ನಿಜಕ್ಕೂ ದುಃಖದ ಸಂಗತಿ. ಕರಬೂಜದ ಪಾನಕವೂ ಇದೇ ಕಾಲದ್ದು.

ಕನ್ನಡನಾಡಿನಲ್ಲಿ ಪಾನಕದ ವಿಚಾರ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನದ ಭೋಗದ ಜೊತೆಗೆ ಕುಡಿಯುವ ನೀರಿನ ಭೋಗಕ್ಕೂ ಪ್ರತ್ಯೇಕ ಸ್ಥಾನವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲೇ ರಚಿಸಿದ ‘ಸೂಪಶಾಸ್ತ್ರ’ ಪಾನಕಗಳಿಗೆಂದೇ ಒಂದು ಅಧ್ಯಾಯ ಕೊಟ್ಟಿದೆ. ಅಡುಗೆಯ ಪುಸ್ತಕವೊಂದು ಕುಡಿಯುವುದಕ್ಕೆ ಅಷ್ಟು ಜಾಗ ಬಿಟ್ಟಿತೆಂದರೆ ಅದು ಬಾಯಾರಿಕೆಯ ನಾಡಿನ ಪುಸ್ತಕ.

ಬಿಸಿಲಿಗೆ ಶುಂಠಿ, ಮೆಣಸು ಏಕೆ, ಅವು ಖಾರವಲ್ಲವೇ ಎಂದು ಕೇಳುವವರಿದ್ದಾರೆ. ಕಾಳುಮೆಣಸಿನ ಪೈಪರೀನ್ ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಮುಟ್ಟುತ್ತದೆ. ಮಿದುಳಿಗೆ ಬಿಸಿಯಾಯಿತು ಎಂಬ ಸುದ್ದಿ ಹೋಗುತ್ತದೆ, ಹಣೆ ಮೇಲ್ದುಟಿಗಳಲ್ಲಿ ಬೆವರೊಡೆಯುತ್ತದೆ. ಆ ಬೆವರು ಆರುವಾಗ ಮೈ ತಣ್ಣಗಾಗುತ್ತದೆ. ಪಾನಕ ಇಟ್ಟ ಮಡಕೆಯೂ ಮಾಡುವುದು ಇದನ್ನೇ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಹೊರಗಿನ ಸೆಕೆ ಒಳನುಗ್ಗುವುದನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಹತ್ತು ಲೀಟರ್ ನೀರನ್ನು ಹತ್ತು ಡಿಗ್ರಿ ತಣಿಸಲು ಒಂದು ಲೋಟದಷ್ಟು ನೀರು ಆರಿದರೆ ಸಾಕು. ಮನುಷ್ಯನ ಮೈಯೂ ಹೀಗೆ ಜಿನುಗಿ ತಣಿಯುವ ಒಂದು ಮಡಕೆ. ಕೆಳಗೆ ಮರಳು ಹಾಸಿ, ಸುತ್ತ ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡುವ ನೆರಳಲ್ಲಿ ಮಡಕೆ ಇಡುವುದು, ಒಳಗೆ ಒಂದು ಹಿಡಿ ಲಾವಂಚದ ಬೇರು ಹಾಕುವುದು, ಹಬ್ಬದ ದಿನ ಪಾನಕದ ಜೊತೆ ತಾಳೆಗರಿಯ ಬೀಸಣಿಗೆಯನ್ನು ದಾನ ಕೊಡುವುದು, ಈ ಎಲ್ಲದರ ಹಿಂದೆ ಅದೇ ತಿಳಿವಳಿಕೆ ಇದೆ. ಬೀಸಣಿಗೆಯ ಗಾಳಿಗೆ ಬೆವರು ಬೇಗ ಆರುತ್ತದೆ.

ಆದರೆ ಇದು ಒಣಹವೆಯ ಊರುಗಳ ಮಾತು. ಚಿತ್ರದುರ್ಗ, ಬಳ್ಳಾರಿ, ರಾಯಚೂರಿನಲ್ಲಿ ಮಡಕೆ ನೀರು ಹಲ್ಲು ಜುಮ್ಮೆನಿಸುತ್ತದೆ. ಮಂಗಳೂರಿನಲ್ಲಿ ಅದೇ ಮಡಕೆ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ, ಗಾಳಿಯೇ ಒದ್ದೆಯಾಗಿರುವಲ್ಲಿ ನೀರು ಎಲ್ಲಿಗೆ ಆವಿಯಾದೀತು? ಕರಾವಳಿಯವರ ಬೇಸಿಗೆಯ ಕುಡಿಯುವಿಕೆ ಬೇರೆ ದಾರಿ ಹಿಡಿದಿದೆ. ಏಪ್ರಿಲ್-ಮೇಗೆ ಹಣ್ಣಾಗುವ ಪುನರ್ಪುಳಿಯ ಶರಬತ್ತು, ಎಳನೀರು, ಹುರಿದ ಹೆಸರುಕಾಳನ್ನು ಬೆಲ್ಲದೊಡನೆ ರುಬ್ಬಿದ ಹೆಸರು ಪಾನಕ, ಉತ್ತರ ಕನ್ನಡದ ಎಳ್ಳು ಪಾನಕ. ಬಯಲುಸೀಮೆಯಲ್ಲಿ ಅಂಬಲಿ-ಮಜ್ಜಿಗೆ. ಎಲ್ಲೆಡೆಯೂ ಇರುವುದು, ಬಿಸಿಲಿನಿಂದ ಬಂದವರಿಗೆ ಮಾತಾಡಿಸುವ ಮೊದಲೇ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು.

ಆ ಬೆಲ್ಲ-ನೀರಿನ ಒಳಗುಟ್ಟನ್ನು ವೈದ್ಯವಿಜ್ಞಾನ ಬಿಡಿಸಿ ಹೇಳಿದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಗೆ ಹೋಗುವಾಗ ಸೋಡಿಯಂ ಅನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ. ಅವೆರಡರ ಬೆನ್ನಿಗೆ ನೀರು ಹೋಗುತ್ತದೆ. ಬರಿಯ ನೀರಿಗಿಂತ ಸ್ವಲ್ಪ ಸಿಹಿ, ಸ್ವಲ್ಪ ಉಪ್ಪು ಬೆರೆತ ನೀರು ಮೈಗೆ ಬೇಗ ಹತ್ತುವುದು ಇದಕ್ಕೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಡಾ. ದಿಲೀಪ್ ಮಹಾಲನೊಬಿಸ್ ಮತ್ತು ಸಂಗಡಿಗರು ರಕ್ತನಾಳಕ್ಕೆ ಹನಿಸುವ ದ್ರವ ಮುಗಿದುಹೋಗಿ ಉಪ್ಪು-ಗ್ಲೂಕೋಸ್ ನೀರನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಮಹಾಲನೊಬಿಸ್ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು. ಮುಂದೆ 1980ರ ದಶಕದುದ್ದಕ್ಕೂ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ತಾಯಂದಿರಿಗೆ ಕಲಿಸಿದ್ದು ಇನ್ನೂ ಸರಳ: ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಒಂದು ಕೋಟಿಗೂ ಹೆಚ್ಚು ಮನೆಗಳನ್ನು ಅವರು ಮುಟ್ಟಿದರು.

ಹಾಗೆಂದು ನಮ್ಮ ಪಾನಕವೇ ಔಷಧ ಎಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಪರಿಷ್ಕರಿಸಿದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಇನ್ನೆರಡು ಲವಣ. ಹಬ್ಬದ ಪಾನಕದಲ್ಲಿ ಸಿಹಿ ಇದರ ಹಲವು ಪಟ್ಟು, ಉಪ್ಪು ಬಹುಪಾಲು ಮನೆಗಳಲ್ಲಿ ಇಲ್ಲವೇ ಇಲ್ಲ. ತೀರಾ ಸಿಹಿಯಾದ ದ್ರವ ಕರುಳಿಗೆ ಇಳಿದರೆ ನೀರನ್ನು ಮೈಯೊಳಗೆ ಬಿಡುವ ಬದಲು ಮೈಯಿಂದಲೇ ಸೆಳೆಯುತ್ತದೆ. ಪಂಚಪಾತ್ರೆಯಿಂದ ಅಂಗೈಗೆ ಬೀಳುವ ಪ್ರಸಾದಕ್ಕೆ ಅದು ಲೆಕ್ಕಕ್ಕಿಲ್ಲ. ಬಾಯಾರಿದವರಿಗೆ ಲೋಟಗಟ್ಟಲೆ ಕೊಡುವ ಪಾನಕವಾದರೆ ಮಾತ್ರ ತೆಳುವಾಗಿರಬೇಕು, ಚಿಟಿಕೆ ಉಪ್ಪು ಬಿದ್ದಿರಬೇಕು. ಉಪ್ಪಿನ ಪಾಲನ್ನು ಪಕ್ಕದ ನೀರುಮಜ್ಜಿಗೆ ತುಂಬಿಕೊಡುತ್ತದೆ ಎಂಬುದನ್ನೂ ಮರೆಯಬಾರದು. ಬಿಸಿಲಲ್ಲಿ ಮೈಮುರಿದು ದುಡಿಯುವವರು ಗಂಟೆಗೆ ಒಂದು ಲೀಟರಿನವರೆಗೂ ಬೆವರಬಹುದು, ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ನೀರುಮಜ್ಜಿಗೆ ಎಂದರೆ ಒಂದಕ್ಕೆ ನಾಲ್ಕು ಪಾಲು ನೀರು ಬೆರೆಸಿ ಕಡೆದ ಮೊಸರು, ಶುಂಠಿ, ಕರಿಬೇವು, ಇಂಗು, ಉಪ್ಪು. ಸಕ್ಕರೆ ಕಾಯಿಲೆ ಇರುವವರಿಗೂ ಇದನ್ನು ಧೈರ್ಯವಾಗಿ ಕೊಡಬಹುದು. ಪಾನಕ-ಮಜ್ಜಿಗೆಗಳನ್ನು ಜೋಡಿಯಾಗಿ ಹಂಚುವ ನಮ್ಮ ಪದ್ಧತಿ ನನಗೆ ಬಹಳ ಜಾಣತನದ್ದಾಗಿ ಕಾಣುವುದು ಇದಕ್ಕಾಗಿ.

ಹಂಚುವ ಜಾಗವೂ ಮುಖ್ಯ. ಉಳಿದ ಹಬ್ಬಗಳ ಊಟ ಹೊಸಿಲಿನ ಒಳಗೆ, ಕರೆದವರಿಗೆ. ರಾಮನವಮಿಯದು ರಸ್ತೆಗೆ, ಬಂದವರಿಗೆ. ಬೆಂಗಳೂರು, ಮೈಸೂರು, ತುಮಕೂರಿನ ಬೀದಿಗಳಲ್ಲಿ ತೆಂಗಿನ ಗರಿಯ ಚಪ್ಪರ ಎದ್ದು, ಬೆಂಚಿನ ಮೇಲೆ ಕೊಳದಪ್ಪಲೆಗಳು ಕೂರುತ್ತವೆ. ಆಟೋ ನಿಲ್ಲುತ್ತದೆ, ಬಸ್ಸಿನ ಕಿಟಕಿಯಿಂದ ಕೈ ಚಾಚುತ್ತದೆ. ಯಾವ ಜಾತಿ, ಯಾವ ದೇವರು ಎಂದು ಲೋಟ ಕೊಡುವಾಗ ಯಾರೂ ಕೇಳುವುದಿಲ್ಲ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿ 1930ರ ದಶಕದ ಕೊನೆಯಿಂದ ನಡೆಸಿಕೊಂಡು ಬಂದ ಸಂಗೀತೋತ್ಸವವೂ ಚಪ್ಪರದ ಕೆಳಗಿನ ಹಬ್ಬವೇ. ಈ ಬೇಸಿಗೆಯ ಹಬ್ಬಕ್ಕೆ ಗೋಡೆಗಳು ಒಗ್ಗುವುದಿಲ್ಲ. ಆಂಧ್ರ, ತೆಲಂಗಾಣದಲ್ಲೂ ಇದೇ ಪಾನಕ, ಇದೇ ನೆನೆಸಿದ ಹೆಸರುಬೇಳೆ. ತಮಿಳುನಾಡಿನಲ್ಲಿ ಪಾನಕದ ಜೊತೆ ನೀರುಮಜ್ಜಿಗೆ. ಬೆಂಕಿಯಿಲ್ಲದ ಈ ಪ್ರಸಾದ ದಕ್ಷಿಣದ ಬಿಸಿಲುಸೀಮೆಯೆಲ್ಲ ಸೇರಿ ಕಂಡುಕೊಂಡದ್ದು.

ಇದರ ಬೇರು ಅರವಟ್ಟಿಗೆಯಲ್ಲಿದೆ. ದಾರಿಹೋಕರಿಗೆ ನೀರು ಕೊಡುವ ಚಪ್ಪರಕ್ಕೆ ಭೂಮಿ ಬಿಟ್ಟ, ದತ್ತಿ ಕೊಟ್ಟ ಸಂಗತಿಗಳು ಕನ್ನಡದ ಹಳೆಯ ಶಾಸನಗಳಲ್ಲಿ ದಾಖಲಾಗಿವೆ. ಕೆರೆ ಕಟ್ಟಿಸುವುದು, ಮರ ನೆಡಿಸುವುದು, ಅರವಟ್ಟಿಗೆ ಇಡಿಸುವುದು ಒಂದೇ ಸಾಲಿನ ಪುಣ್ಯಗಳಾಗಿದ್ದವು. ಇಂದು ಆ ನೀರು ಯಾರಿಗೆ ಬೇಕು ಎಂದು ಯೋಚಿಸಿದರೆ ಉತ್ತರ ಕಣ್ಣೆದುರೇ ಇದೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರಿಗೆ ಬಂದು ಕಟ್ಟಡಗಳ ಮೇಲೆ ಗಾರೆ ಹೊರುವವರು, ಪೌರಕಾರ್ಮಿಕರು, ನಡುರಸ್ತೆಯಲ್ಲಿ ನಿಂತ ಸಂಚಾರಿ ಪೊಲೀಸರು, ಊಟ ತಲುಪಿಸುವ ಹುಡುಗರು, ತಳ್ಳುಗಾಡಿಯವರು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಪರದಾಡಿತು. ಅಂಥ ಊರಿನಲ್ಲಿ ದುಡ್ಡು ಕೊಟ್ಟರಷ್ಟೇ ಬಾಟಲಿ ನೀರು ಎಂಬುದು ದಿನಗೂಲಿಯವರಿಗೆ ಸಣ್ಣ ಮಾತಲ್ಲ. ವರ್ಷಕ್ಕೊಂದು ದಿನದ ಪಾನಕ ಮೂರು ತಿಂಗಳ ಅರವಟ್ಟಿಗೆ ಆಗಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕೆಲವು ಚಪ್ಪರಗಳಲ್ಲಿ ಈಚೆಗೆ ಕಾಣುವುದು ಕಳವಳ ತರುತ್ತದೆ. ಬೆಲ್ಲದ ಬದಲು ಬಣ್ಣದ ಸಿರಪ್ಪು. ಮಡಕೆಯ ಬದಲು ಪ್ಲಾಸ್ಟಿಕ್ ಡ್ರಮ್ಮು, ಅದರೊಳಗೆ ಮೀನು ತಣಿಸಲು ತಯಾರಾದ ಮಂಜುಗಡ್ಡೆಯ ಹಲಗೆ. ಅಂಥ ಮಂಜುಗಡ್ಡೆ ಕುಡಿಯುವ ನೀರಿನಿಂದ ಮಾಡಿದ್ದೆಂಬ ಭರವಸೆ ಇಲ್ಲ, ಹೆಪ್ಪುಗಟ್ಟಿದ ಮಾತ್ರಕ್ಕೆ ಕ್ರಿಮಿ ಸಾಯುವುದೂ ಇಲ್ಲ. ಬೆಂಕಿ ಕಾಣದ ಅಡುಗೆಗೆ ನೀರೇ ಪ್ರಾಣ. ಕುದಿಸಿ ಕೊಲ್ಲುವ ಅವಕಾಶ ಇಲ್ಲದಿರುವಾಗ ನೀರು, ಕೈ, ಪಾತ್ರೆ ಮೂರೂ ಹೆಚ್ಚು ಶುದ್ಧವಾಗಿರಬೇಕು. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟದ್ದು ತಪ್ಪು, ಆದರೆ ಹಬ್ಬದ ದಿನ ಮಿಂದು, ಪಾತ್ರೆ ಬೆಳಗಿ, ಹೊಸ ನೀರು ಸೇದಿ ಪಾನಕ ಕಲಸುತ್ತಿದ್ದ ಆ ಶುಚಿ ಬೇಕೇಬೇಕು. ಬೆಲ್ಲದಲ್ಲೂ ಕಣ್ಣು ಮೋಸ ಹೋಗುತ್ತದೆ. ಹಳದಿಯಾಗಿ ಹೊಳೆಯುವ ಅಚ್ಚಿಗೆ ಬಣ್ಣ ತಿಳಿಯಾಗಿಸುವ ರಾಸಾಯನಿಕ ಬಿದ್ದಿರುವ ಸಂಭವ ಹೆಚ್ಚು. ಮಂಡ್ಯದ ಆಲೆಮನೆಯ ಕಂದು ಬೆಲ್ಲ ಕೊಳ್ಳಿ, ಕರಗಿಸಿ ಸೋಸಿ.

ಈ ಸಲ ನಿಮ್ಮ ಬೀದಿಯಲ್ಲಿ ನೂರು ಜನಕ್ಕೆ ಮಾಡುವುದಾದರೆ ಲೆಕ್ಕ ಹೀಗಿದೆ. ಹಿಂದಿನ ರಾತ್ರಿ ಹದಿನೈದು ಲೀಟರ್ ನೀರು ಕುದಿಸಿ, ಆರಿಸಿ, ಮುಚ್ಚಿಡಿ. ಅದಕ್ಕೆ ಒಂದೂಕಾಲು ಕಿಲೋ ಬೆಲ್ಲ, ಹದಿನೈದು ನಿಂಬೆ, 150 ಗ್ರಾಂ ಶುಂಠಿ, ಎರಡು ಚಮಚ ಕಾಳುಮೆಣಸಿನ ಪುಡಿ, ಇಪ್ಪತ್ತೈದು ಏಲಕ್ಕಿ, ಎರಡು ಚಮಚ ಉಪ್ಪು. ಮಜ್ಜಿಗೆಗೆ ಮೂರು ಲೀಟರ್ ಮೊಸರು ಮತ್ತು ಅದೇ ರೀತಿ ಕುದಿಸಿ ಆರಿಸಿದ ಹನ್ನೆರಡು ಲೀಟರ್ ನೀರು. ಕೋಸಂಬರಿಗೆ ಎರಡು ಕಿಲೋ ಹೆಸರುಬೇಳೆ, ಎರಡೂವರೆ ಕಿಲೋ ಎಳೆ ಸೌತೆ, ನಾಲ್ಕು ತೆಂಗಿನಕಾಯಿ, ಎರಡು ಮೂರು ಮಾವಿನಕಾಯಿ. ಬೇಳೆಯನ್ನು ಹತ್ತು ಗಂಟೆಗೆ ನೆನೆಹಾಕಿ ಹನ್ನೊಂದಕ್ಕೆ ಬಸಿಯಿರಿ. ಎಲ್ಲವನ್ನೂ ಒಟ್ಟಿಗೆ ಕಲಸಬೇಡಿ, ಇಪ್ಪತ್ತು ಜನಕ್ಕೆ ಆಗುವಷ್ಟು ಕಲಸಿ, ಮುಗಿದ ಮೇಲೆ ಮತ್ತೆ ಇಪ್ಪತ್ತು ಜನಕ್ಕೆ. ಮುತ್ತುಗದ ದೊನ್ನೆ ಸಿಕ್ಕರೆ ಅದರಲ್ಲೇ ಕೊಡಿ, ಪಾನಕಕ್ಕೆ ಸ್ಟೀಲ್ ಲೋಟ ಮತ್ತು ತೊಳೆಯಲು ಒಬ್ಬರು. ಕುಡಿಯುವ ನೀರಿಗೆ ಬೇರೆಯದೇ ಒಂದು ಮಡಕೆ ಇರಲಿ, ಏಕೆಂದರೆ ಪಾನಕ ತುಂಬಿದ ಮಡಕೆಯ ರಂಧ್ರಗಳಲ್ಲಿ ಬೆಲ್ಲ ಉಳಿದು ಮರುದಿನದ ನೀರು ಹುಳಿ ಹೊಡೆಯುತ್ತದೆ. ಎರಡು ಗಂಟೆಗೆ ಚಪ್ಪರ ಬಿಚ್ಚಿದರೂ ಆ ನೀರಿನ ಮಡಕೆಯನ್ನು ಎತ್ತಬೇಡಿ. ಮುಚ್ಚಳ, ಉದ್ದ ಹಿಡಿಯ ಸೌಟು, ದಿನಾ ಬೆಳಿಗ್ಗೆ ತೊಳೆದು ತುಂಬಲು ಬೀದಿಯ ಒಂದೊಂದು ಮನೆಗೆ ಒಂದೊಂದು ವಾರ ಎಂದು ಗೊತ್ತುಮಾಡಿಕೊಂಡರೆ ಜೂನ್‌ನ ಮಳೆಯವರೆಗೂ ಅದು ಅಲ್ಲಿಯೇ ಇರಬಲ್ಲದು.